ದಡದಿಂದ ಬಾಸ್ ಹಿಡಿಯಲು ಹೊರಟವರಿಗೆ: ಕಡಿಮೆ ಬೆಲೆಯ ಸ್ಪಿನ್ನರ್‌ಬೇಟ್ ಆರಿಸುವ ಕ್ರಮ

ಅಮೆರಿಕದ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ನಗರಗಳ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ, ಬಡಾವಣೆಯ ಒಳಗೋ ಪಕ್ಕದ ಉದ್ಯಾನದಲ್ಲೋ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಕೆರೆ ಸಿಗುತ್ತದೆ. ಇಂಥ ಕೆರೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಮೀನು ಇರುವುದು ಟೆಕ್ಸಸ್‌ನಲ್ಲಿ ಬಹಳ ಸಾಮಾನ್ಯ. ಇದನ್ನು ಹಿಡಿಯಲು ದೋಣಿ ಬೇಕಿಲ್ಲ, ಎರೆಹುಳು ಅಗೆಯಬೇಕಿಲ್ಲ. ಒಂದು ರಾಡ್ (ಗಾಳದ ಕೋಲು), ಒಂದು ರೀಲ್ (ದಾರ ಸುತ್ತುವ ಚಕ್ರ) ಮತ್ತು ದಡದಲ್ಲಿ ನಿಲ್ಲಲು ಸ್ವಲ್ಪ ಜಾಗ ಇದ್ದರೆ ಸಾಕು. ಆದರೆ ಮೀನುಗಾರಿಕೆಯ ಅಂಗಡಿಗೆ ಹೋದವರು ಗೋಡೆಯ ಉದ್ದಕ್ಕೂ ನೇತು ಹಾಕಿರುವ ನೂರಾರು ಬಗೆಯ ಕೃತಕ ಎರೆಗಳ ಮುಂದೆ ನಿಂತು, ಏನು ಕೊಳ್ಳಬೇಕೆಂದು ತಿಳಿಯದೆ, ಬಣ್ಣ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೋ ತೆಗೆದುಕೊಂಡು ಬರುತ್ತಾರೆ. ಹೊಸಬರು ಮೊದಲು ಕೊಳ್ಳಬೇಕಾದದ್ದು ಸ್ಪಿನ್ನರ್‌ಬೇಟ್, ಅಂದರೆ ಎಳೆದಾಗ ಲೋಹದ ತಗಡು ತಿರುಗುವ ಕೃತಕ ಎರೆ, ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿಯೂ ಅಗ್ಗದ್ದನ್ನೇ ಕೊಳ್ಳಬಹುದು, ಯಾವ ಭಾಗದಲ್ಲಿ ಅಗ್ಗವಾಗಿದ್ದರೆ ನಷ್ಟವಿಲ್ಲ, ಯಾವ ಭಾಗದಲ್ಲಿ ಅಗ್ಗವಾದರೆ ಕೆಲಸ ಕೆಡುತ್ತದೆ ಎಂಬುದು ತಿಳಿದಿದ್ದರೆ.

ಊರಿನ ಕೆರೆಗಳಲ್ಲಿ ಎರೆಹುಳುವನ್ನೋ ರಾಗಿ ಹಿಟ್ಟಿನ ಉಂಡೆಯನ್ನೋ ಗಾಳಕ್ಕೆ ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ಕಾಯುತ್ತ ಕುಳಿತು ರೂಢಿಯಿರುವವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗೆಂಡೆ, ಕಾಟ್ಲಾ ಮೊದಲಾದ ಮೀನುಗಳು ವಾಸನೆ ಹಿಡಿದು ಎರೆಯ ಬಳಿಗೆ ಬರುತ್ತವೆ. ಬಾಸ್ ಹಾಗಲ್ಲ. ಅದು ಜೊಂಡಿನ ಅಂಚಿನಲ್ಲಿ, ಮುಳುಗಿದ ಮರದ ನೆರಳಿನಲ್ಲಿ, ಕಲ್ಲುಗಳ ಸಂದಿಯಲ್ಲಿ ಹೊಂಚು ಹಾಕಿ ನಿಂತು, ಎದುರಿಗೆ ಹಾದುಹೋಗುವ ಸಣ್ಣ ಮೀನಿನ ಮೇಲೆ ಎರಗುವ ಬೇಟೆಗಾರ ಮೀನು. ಕಣ್ಣಿನಿಂದ ನೋಡುವುದರ ಜೊತೆಗೆ, ಮೈಯ ಎರಡೂ ಬದಿಯಲ್ಲಿ ಹಾದುಹೋಗುವ ಸಂವೇದನಾ ರೇಖೆಯ ಮೂಲಕ ನೀರಿನ ಕಂಪನವನ್ನೂ ಗ್ರಹಿಸುತ್ತದೆ. ಸ್ಪಿನ್ನರ್‌ಬೇಟ್ ಈ ಎರಡನ್ನೂ ಒದಗಿಸುತ್ತದೆ: ತಿರುಗುವ ತಗಡಿನಿಂದ ಹೊಳಪು ಬರುತ್ತದೆ, ಅದೇ ತಗಡಿನಿಂದ ಕಂಪನವೂ ಹುಟ್ಟುತ್ತದೆ. ನಿಂತಲ್ಲೇ ನಿಂತರೆ ಅದು ನಿರ್ಜೀವ ಲೋಹದ ತುಂಡು. ಎಳೆಯುತ್ತಿದ್ದರೆ ಮಾತ್ರ ಅದಕ್ಕೆ ಬೆಲೆ.

ಮೊದಲು ವಸ್ತುವನ್ನು ಗುರುತಿಸಿ

ಸ್ಪಿನ್ನರ್‌ಬೇಟ್‌ನ ರಚನೆ ಸರಳವಾದದ್ದು. ಬಿಚ್ಚಿದ ಸೇಫ್ಟಿ ಪಿನ್ನಿನಂತೆ ಬಾಗಿದ ಒಂದು ಉಕ್ಕಿನ ತಂತಿ ಇರುತ್ತದೆ. ಕೆಳಗಿನ ತೋಳಿನ ತುದಿಯಲ್ಲಿ ಸೀಸದ ತಲೆ, ಆ ತಲೆಯಿಂದ ಹಿಂದಕ್ಕೆ ಚಾಚಿದ ಒಂಟಿ ಕೊಕ್ಕೆ, ಕೊಕ್ಕೆಯನ್ನು ಮುಚ್ಚುವಂತೆ ಸಿಲಿಕೋನ್ ಎಳೆಗಳ ಕುಚ್ಚು ಇರುತ್ತದೆ. ಈ ಕುಚ್ಚನ್ನು ಅಂಗಡಿಗಳಲ್ಲಿ ಸ್ಕರ್ಟ್ ಎನ್ನುತ್ತಾರೆ. ಮೇಲಿನ ತೋಳಿನಲ್ಲಿ ಒಂದೋ ಎರಡೋ ಲೋಹದ ಬ್ಲೇಡುಗಳು, ಅಂದರೆ ತಿರುಗುವ ತಗಡುಗಳು, ಇರುತ್ತವೆ. ದಾರವನ್ನು ಕಟ್ಟುವುದು ತಂತಿಯ ಬಾಗಿನಲ್ಲಿ. ಎಳೆದಾಗ ಕೊಕ್ಕೆಯ ಮೊನೆ ಮೇಲ್ಮುಖವಾಗಿದ್ದು, ಅದರ ಮುಂದೆ ಮತ್ತು ಮೇಲೆ ತಂತಿ ಕಾವಲಿನಂತೆ ಸಾಗುವುದರಿಂದ ಕೊಂಬೆಗಳಿಗೂ ಜೊಂಡಿಗೂ ಇದು ಸಿಕ್ಕಿಕೊಳ್ಳುವುದು ಕಡಿಮೆ. ದಡದಿಂದ ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ, ಏಕೆಂದರೆ ದೋಣಿಯಲ್ಲಿರುವವರು ಸಿಕ್ಕಿಕೊಂಡ ಎರೆಯ ಬಳಿಗೆ ಹೋಗಿ ಬಿಡಿಸಿಕೊಳ್ಳಬಹುದು, ದಡದಲ್ಲಿರುವವರು ದಾರ ಕತ್ತರಿಸಬೇಕಾಗುತ್ತದೆ.

ಆನ್‌ಲೈನ್ ಮಳಿಗೆಗಳಲ್ಲಿ ಹತ್ತು, ಇಪ್ಪತ್ತು, ಮೂವತ್ತು ತುಣುಕುಗಳ ಕಟ್ಟನ್ನು ಸ್ಪಿನ್ನರ್‌ಬೇಟ್ ಎಂಬ ಹೆಸರಿನಲ್ಲಿಯೇ ಅತಿ ಕಡಿಮೆ ಬೆಲೆಗೆ ಮಾರುತ್ತಾರೆ. ಚಿತ್ರವನ್ನು ಸೂಕ್ಷ್ಮವಾಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಬೇರೆಯೇ ವಸ್ತು: ನೇರವಾದ ತಂತಿ, ಅದರ ಸುತ್ತ ತಿರುಗುವ ಚಿಕ್ಕ ಬ್ಲೇಡು, ತುದಿಯಲ್ಲಿ ಮೂರು ಮೊನೆಯ ಕೊಕ್ಕೆ. ಇದು ಇನ್‌ಲೈನ್ ಸ್ಪಿನ್ನರ್. ಹರಿಯುವ ತಣ್ಣೀರಿನಲ್ಲಿ ಟ್ರೌಟ್ ಹಿಡಿಯಲು ಇದು ಒಳ್ಳೆಯದು, ಬಾಸ್ ಕೂಡ ಇದಕ್ಕೆ ಬೀಳುತ್ತದೆ. ಆದರೆ ಮೂರೂ ಮೊನೆಗಳು ಯಾವ ಕಾವಲೂ ಇಲ್ಲದೆ ತೆರೆದಿರುವುದರಿಂದ ಪಾಚಿ ತುಂಬಿದ ಕೆರೆಯ ದಡದಲ್ಲಿ ಎರಡು ಮೂರು ಎಸೆತಗಳಲ್ಲಿ ಒಂದನ್ನು ಕಳೆದುಕೊಳ್ಳುವುದು ಖಚಿತ. ಆದ್ದರಿಂದ ತಂತಿ ಬಾಗಿದೆಯೇ, ಕೊಕ್ಕೆ ಒಂದೇ ಇದೆಯೇ ಎಂಬುದನ್ನು ನೋಡಿದ ಮೇಲೆಯೇ ಬೆಲೆಯನ್ನು ನೋಡಬೇಕು.

ಎರಡನೆಯದಾಗಿ ನಿಮ್ಮ ಕೆರೆಯನ್ನು ನೋಡಿ

ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ಕೈಯಲ್ಲಿ ರಾಡ್ ಇಲ್ಲದೆ ಕೆರೆಯ ಸುತ್ತ ನಡೆಯಿರಿ. ನೀರಿನಲ್ಲಿ ಎಷ್ಟು ಆಳದವರೆಗೆ ಕಣ್ಣು ಹೋಗುತ್ತದೆ, ದಡದಿಂದ ಎಷ್ಟು ದೂರದವರೆಗೆ ಪಾಚಿ ಹಬ್ಬಿದೆ, ಜೊಂಡಿನ ನಡುವೆ ತೆರವು ಎಲ್ಲಿದೆ, ಯಾವ ದಡಕ್ಕೆ ಗಾಳಿ ಬಡಿಯುತ್ತಿದೆ, ಮರದ ಕೊಂಬೆಗಳು ಎಲ್ಲಿ ಬಾಗಿವೆ ಎಂಬುದನ್ನು ಗಮನಿಸಿ. ತೂಕ, ಬ್ಲೇಡಿನ ಆಕಾರ, ಬಣ್ಣ, ಈ ಮೂರೂ ಆಯ್ಕೆಗಳು ನೀರಿನ ಸ್ಥಿತಿಯಿಂದಲೇ ನಿರ್ಧಾರವಾಗುತ್ತವೆ. ಟೆಕ್ಸಸ್‌ನ ದಡಗಳಲ್ಲಿ ಬೆಂಕಿ ಇರುವೆಗಳ ಗೂಡುಗಳೂ ಬೆಚ್ಚಗಿನ ತಿಂಗಳುಗಳಲ್ಲಿ ಕಾಟನ್‌ಮೌತ್ ಎಂಬ ವಿಷದ ಹಾವೂ ಇರುವುದರಿಂದ, ಚಪ್ಪಲಿಯಲ್ಲಿ ಹೋಗದೆ ಕಾಲು ಮುಚ್ಚುವ ಶೂ ಹಾಕಿಕೊಂಡು ಹೋಗುವುದು ಕ್ಷೇಮ.

ಇದೇ ಸಂಜೆ ಫಲಕಗಳನ್ನೂ ಓದಿಕೊಳ್ಳಿ. ಬಡಾವಣೆಯ ಕೆರೆಯಾದರೆ ಮನೆಮಾಲೀಕರ ಸಂಘದ ನಿಯಮವಿರುತ್ತದೆ. ಸಾರ್ವಜನಿಕ ಕೆರೆಗಳಲ್ಲಿ ಟೆಕ್ಸಸ್‌ನ ನಿಯಮದಂತೆ 17 ವರ್ಷ ತುಂಬಿದವರಿಗೆ ಮೀನುಗಾರಿಕೆಯ ಪರವಾನಗಿ ಬೇಕು. ಹೆಚ್ಚಿನ ವಾರ್ಷಿಕ ಪರವಾನಗಿಗಳನ್ನು ಯಾವಾಗ ಕೊಂಡರೂ ಅವು ಆಗಸ್ಟ್ 31ಕ್ಕೆ ಮುಗಿಯುತ್ತವೆಯಾದ್ದರಿಂದ ಅಂಥದ್ದನ್ನು ಜುಲೈ ತಿಂಗಳಲ್ಲಿ ಕೊಳ್ಳುವುದು ಲಾಭದ ವ್ಯವಹಾರವಲ್ಲ. ಟೆಕ್ಸಸ್ ರಾಜ್ಯದ ಸ್ಟೇಟ್ ಪಾರ್ಕುಗಳ ಒಳಗೆ ದಡದಿಂದ ಮೀನು ಹಿಡಿಯಲು ಪರವಾನಗಿ ಬೇಕಿಲ್ಲ, ಪ್ರವೇಶ ಶುಲ್ಕ ಕೊಟ್ಟರೆ ಸಾಕು. ಈ ಹವ್ಯಾಸ ತನಗೆ ಒಗ್ಗುತ್ತದೆಯೋ ಇಲ್ಲವೋ ಎಂದು ನೋಡಬಯಸುವವರಿಗೆ ಇದೇ ಅತ್ಯುತ್ತಮ ದಾರಿ. ಬೇರೆ ರಾಜ್ಯಗಳಲ್ಲಿರುವವರು ಆಯಾ ರಾಜ್ಯದ ನಿಯಮವನ್ನು ನೋಡಿಕೊಳ್ಳಬೇಕು. ಈಶಾನ್ಯದ ಕೆಲವು ರಾಜ್ಯಗಳಲ್ಲಿ ಲೂನ್ ಎಂಬ ನೀರುಹಕ್ಕಿಗಳು ಸೀಸವನ್ನು ನುಂಗಿ ಸಾಯುವುದನ್ನು ತಡೆಯಲು ಸಣ್ಣ ಸೀಸದ ತೂಕಗಳ ಮೇಲೆ ನಿರ್ಬಂಧವಿದೆ. ಅಲ್ಲಿ ಕೊಳ್ಳುವ ಮುನ್ನವೇ ವಿಚಾರಿಸುವುದು ಒಳ್ಳೆಯದು.

ಮೂರನೆಯದಾಗಿ ತೂಕ

ಸ್ಪಿನ್ನರ್‌ಬೇಟ್‌ಗಳ ತೂಕವನ್ನು ಔನ್ಸಿನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಸಿಗುವವು 1/8, 1/4, 3/8 ಮತ್ತು 1/2 ಔನ್ಸ್, ಅಂದರೆ ಸುಮಾರು ಮೂರೂವರೆ, ಏಳು, ಹತ್ತೂವರೆ ಮತ್ತು ಹದಿನಾಲ್ಕು ಗ್ರಾಂ. ಪೊಟ್ಟಣದ ಮೇಲೆ ಬರೆದಿರುವುದು ಸಾಮಾನ್ಯವಾಗಿ ಸೀಸದ ತಲೆಯ ತೂಕ ಮಾತ್ರ. ತಂತಿ, ಬ್ಲೇಡು, ಕುಚ್ಚು ಸೇರಿದಾಗ ಒಟ್ಟು ತೂಕ ಅದಕ್ಕಿಂತ ಸಾಕಷ್ಟು ಹೆಚ್ಚಿರುತ್ತದೆ. ನಿಮ್ಮ ರಾಡ್‌ನ ಹಿಡಿಕೆಯ ಸ್ವಲ್ಪ ಮೇಲೆ, ಅದು ಎಷ್ಟು ತೂಕದ ಎರೆಯನ್ನು ಎಸೆಯಬಲ್ಲುದು ಎಂಬುದನ್ನು ಚಿಕ್ಕ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಆ ಮಿತಿಯ ಮಧ್ಯಕ್ಕೆ ಬರುವ ತೂಕವನ್ನು ಆರಿಸಿದರೆ ಎಸೆತ ದೂರ ಹೋಗುತ್ತದೆ, ರಾಡ್‌ಗೂ ಆಯಾಸವಿಲ್ಲ.

ದಡದ ಬಳಿಯ ನೀರು ಹೆಚ್ಚಾಗಿ ಎರಡರಿಂದ ಆರು ಅಡಿ ಆಳವಿರುವುದರಿಂದ 1/4 ಅಥವಾ 3/8 ಔನ್ಸ್ ಸಾಕು. 1/2 ಔನ್ಸ್ ಹೆಚ್ಚು ದೂರ ಹೋಗುತ್ತದೆ ಎಂಬ ಆಸೆಯಿಂದ ಅದನ್ನು ಕೊಂಡ ಹೊಸಬರು, ರೀಲ್ ಸುತ್ತುವ ವೇಗ ಸ್ವಲ್ಪ ತಗ್ಗಿದ ಕೂಡಲೇ ಅದು ತಳ ಸೇರಿ ಪಾಚಿಯನ್ನು ಗುಡ್ಡೆಗಟ್ಟಿಕೊಂಡು ಬರುವುದನ್ನು ನೋಡಬೇಕಾಗುತ್ತದೆ. ಪಾಚಿ ನೀರಿನ ಮೇಲ್ಮೈಗೆ ಒಂದು ಅಡಿಯಷ್ಟು ಹತ್ತಿರಕ್ಕೆ ಬೆಳೆದಿದ್ದರೆ 1/4. ನೀರು ತೆರವಾಗಿದ್ದು ಎದುರುಗಾಳಿ ಇದ್ದರೆ 3/8. ಮಕ್ಕಳ ಜೊತೆ ಹೋಗುವವರು ಜಾನ್ಸನ್ ಸಂಸ್ಥೆಯ ಬೀಟಲ್ ಸ್ಪಿನ್‌ನಂಥ 1/8 ಔನ್ಸಿನದನ್ನೂ ಒಂದು ಇಟ್ಟುಕೊಳ್ಳಬಹುದು, ಬ್ಲೂಗಿಲ್‌ನಂಥ ಚಿಕ್ಕ ಮೀನುಗಳೂ ಅದಕ್ಕೆ ಬೀಳುವುದರಿಂದ ಮಕ್ಕಳಿಗೆ ಬೇಸರವಾಗುವುದಿಲ್ಲ. ಆದರೆ ಅದನ್ನು ಎಸೆಯಲು ತೆಳುವಾದ ದಾರದ ಹಗುರ ರಾಡ್ ಬೇಕು.

ನಾಲ್ಕನೆಯದಾಗಿ ಬ್ಲೇಡು ಮತ್ತು ಬಣ್ಣ

ಬ್ಲೇಡುಗಳಲ್ಲಿ ಮುಖ್ಯವಾದವು ಮೂರು ಆಕಾರಗಳು. ಕೊಲರಾಡೊ ಬ್ಲೇಡು ದುಂಡಗಿದ್ದು ಚಮಚದಂತೆ ಒಳಬಾಗಿರುತ್ತದೆ. ನೀರನ್ನು ಹೆಚ್ಚು ತಳ್ಳುವುದರಿಂದ ಕಂಪನ ಜೋರಾಗಿರುತ್ತದೆ, ನಿಧಾನವಾಗಿ ಎಳೆದರೂ ತಿರುಗುತ್ತದೆ, ಎರೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ವಿಲೋ ಬ್ಲೇಡು ಎಲೆಯಂತೆ ಉದ್ದವಾಗಿ, ಕಿರಿದಾಗಿದ್ದು, ವೇಗವಾಗಿ ತಿರುಗಿ ಹೊಳಪನ್ನು ಹೆಚ್ಚು ಚೆಲ್ಲುತ್ತದೆ. ಕಂಪನ ಕಡಿಮೆ, ಆದರೆ ಪಾಚಿಯ ನಡುವೆ ನುಸುಳಿಕೊಂಡು ಬರುವುದು ಇದೇ. ಇಂಡಿಯಾನಾ ಇವೆರಡರ ನಡುವಿನದು. ಕದಡಿದ ನೀರಿನಲ್ಲಿ, ಮುಸ್ಸಂಜೆಯಲ್ಲಿ, ತಣ್ಣನೆಯ ನೀರಿನಲ್ಲಿ ಮೀನಿಗೆ ಕಣ್ಣಿಗಿಂತ ಕಂಪನವೇ ಹೆಚ್ಚು ನೆರವಾಗುವುದರಿಂದ ಕೊಲರಾಡೊ. ತಿಳಿನೀರಿನಲ್ಲಿ ಬಿಸಿಲಿರುವಾಗ ವಿಲೋ. ಮುಂದೆ ಚಿಕ್ಕ ಕೊಲರಾಡೊ, ಹಿಂದೆ ದೊಡ್ಡ ವಿಲೋ ಇರುವ ಜೋಡಿ ಬ್ಲೇಡಿನ ಮಾದರಿಗೆ ಟ್ಯಾಂಡಮ್ ಎನ್ನುತ್ತಾರೆ. ಒಂದೇ ಒಂದನ್ನು ಕೊಳ್ಳುವುದಾದರೆ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ಹೊಸಬರಿಗೆ ಕೆರೆಯ ನೀರು ದಿನದಿಂದ ದಿನಕ್ಕೆ ಬದಲಾಗುವುದರ ಅಂದಾಜು ಇರುವುದಿಲ್ಲ, ಟ್ಯಾಂಡಮ್ ಎರಡೂ ಸ್ಥಿತಿಗಳಲ್ಲಿ ಮರ್ಯಾದೆಯಿಂದ ಕೆಲಸ ಮಾಡುತ್ತದೆ.

ಬಣ್ಣದ ವಿಷಯದಲ್ಲಿ ಕೊಳ್ಳುವವರು ಕಳೆಯುವಷ್ಟು ಸಮಯ ಮತ್ತೆ ಯಾವುದರಲ್ಲೂ ಕಳೆಯುವುದಿಲ್ಲ, ಅಷ್ಟು ಮಹತ್ವ ಅದಕ್ಕಿಲ್ಲ. ಟೆಕ್ಸಸ್‌ನ ಜಲಾಶಯಗಳಲ್ಲಿ ಬಾಸ್‌ನ ಮುಖ್ಯ ಆಹಾರ ಶ್ಯಾಡ್ ಎಂಬ ಬೆಳ್ಳಿಬಣ್ಣದ ಸಣ್ಣ ಮೀನು. ಬಿಳಿಯ ಕುಚ್ಚು ಅದನ್ನೇ ಹೋಲುತ್ತದೆ. ನೀರು ತುಸು ಮಬ್ಬಾಗಿದ್ದರೆ ಬಿಳಿಯ ಜೊತೆ ಶಾರ್ಟ್ರೂಸ್ ಎಂಬ ಕಣ್ಣು ಕೋರೈಸುವ ಹಳದಿ ಹಸಿರು ಇರಲಿ. ರಾತ್ರಿ ಹಿಡಿಯುವವರಿಗೆ ಕಪ್ಪು. ಕೆಳಗಿನಿಂದ ಆಕಾಶದತ್ತ ನೋಡುವ ಮೀನಿಗೆ ಕಪ್ಪಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಬ್ಲೇಡಿನಲ್ಲಿ ತಿಳಿನೀರಿಗೆ ಬೆಳ್ಳಿ, ಬಗ್ಗಡ ನೀರಿಗೆ ಚಿನ್ನದ ಬಣ್ಣ. ಸೀಸದ ತಲೆಯ ಮೇಲೆ ಬರೆದಿರುವ ಕಣ್ಣು, ಮೀನಿನ ಹುರುಪೆಯ ಚಿತ್ರ, ಮಿಂಚುವ ಪುಡಿ, ಇವುಗಳಿಗಾಗಿ ಒಂದು ಡಾಲರನ್ನೂ ಹೆಚ್ಚಾಗಿ ಕೊಡಬೇಕಿಲ್ಲ.

ಐದನೆಯದಾಗಿ, ಅಂಗಡಿಯಲ್ಲಿ ನಿಂತು ಪರೀಕ್ಷಿಸುವುದು

ಹಣ ಉಳಿಯುವುದೂ ಪೋಲಾಗುವುದೂ ಈ ಹಂತದಲ್ಲಿಯೇ. ಈಗಿನ ಬೆಲೆಗಳಲ್ಲಿ ಸುಮಾರು ನಾಲ್ಕರಿಂದ ಏಳು ಡಾಲರ್‌ಗೆ ಬಳಕೆಗೆ ಯೋಗ್ಯವಾದ ಸ್ಪಿನ್ನರ್‌ಬೇಟ್ ಸಿಗುತ್ತದೆ. ಸ್ಟ್ರೈಕ್ ಕಿಂಗ್, ಬೂಯಾ ಮುಂತಾದ ಸಂಸ್ಥೆಗಳ ಸಾಧಾರಣ ಮಾದರಿಗಳು ದೊಡ್ಡ ಅಂಗಡಿಗಳಲ್ಲೆಲ್ಲ ಇರುತ್ತವೆ. ಟೈಟೇನಿಯಂ ತಂತಿಯವು ಹತ್ತು ಡಾಲರನ್ನು ಸುಲಭವಾಗಿ ದಾಟುತ್ತವೆ. ಅವು ಬಾಗಿದರೂ ಮತ್ತೆ ತಮ್ಮ ಆಕಾರಕ್ಕೆ ಮರಳುತ್ತವೆಂಬುದು ನಿಜ, ಆದರೆ ಮುಳುಗಿದ ಮರಕ್ಕೆ ಸಿಕ್ಕಿಬಿದ್ದಾಗ ಟೈಟೇನಿಯಂ ಆದರೂ ಉಕ್ಕಾದರೂ ಕತ್ತರಿಸಬೇಕಾದ ದಾರ ಒಂದೇ. ದಡದಿಂದ ಎಸೆಯುವವರು ಮೊದಲ ವರ್ಷ ಕೆಲವನ್ನು ಕಳೆದುಕೊಂಡೇ ಕಳೆದುಕೊಳ್ಳುತ್ತಾರೆ. ಕಳೆದರೆ ಹೊಟ್ಟೆ ಉರಿಯದಂಥ ಬೆಲೆಯದನ್ನು ಕೊಂಡವರು ಮಾತ್ರ ಮೀನು ನಿಜವಾಗಿಯೂ ಇರುವ ಕೊಂಬೆಗಳ ಪಕ್ಕಕ್ಕೆ ಧೈರ್ಯವಾಗಿ ಎಸೆಯುತ್ತಾರೆ.

ಮೊದಲು ನೋಡಬೇಕಾದದ್ದು ಸ್ವಿವೆಲ್, ಅಂದರೆ ಹಿಂದಿನ ಬ್ಲೇಡನ್ನು ತಂತಿಗೆ ಜೋಡಿಸಿ ಅದು ತಿರುಗಲು ಅನುವು ಮಾಡಿಕೊಡುವ ಪುಟ್ಟ ತಿರುಗುಕೊಂಡಿ. ಇದರೊಳಗೆ ಚಿಕ್ಕ ಗುಂಡುಗಳಿರುವ ಬಾಲ್ ಬೇರಿಂಗ್ ಬಗೆ ಒಂದು, ಬರಿಯ ಪೀಪಾಯಿಯಾಕಾರದ ಸಾದಾ ಬಗೆ ಇನ್ನೊಂದು. ಬಾಲ್ ಬೇರಿಂಗ್ ಸ್ವಿವೆಲ್‌ನ ಹೊಟ್ಟೆ ತುಸು ದಪ್ಪವಾಗಿದ್ದು ಮೆಟ್ಟಿಲಿನಂತೆ ಒಂದು ತುದಿಗೆ ಸಣ್ಣದಾಗುತ್ತದೆ. ಕೈಗೆ ಸಿಗುವಂತಿದ್ದರೆ ತಂತಿಯನ್ನು ಹಿಡಿದು ಬ್ಲೇಡಿನ ಮೇಲೆ ಬಾಯಿಂದ ಗಾಳಿ ಊದಿ: ಸಾಧಾರಣ ಉಸಿರಿಗೇ ಬ್ಲೇಡು ಸುತ್ತಬೇಕು, ಉಸಿರು ನಿಂತ ಮೇಲೂ ಒಂದೆರಡು ಸುತ್ತು ಮುಂದುವರಿಯಬೇಕು. ಅಲುಗಾಡಿ ನಿಂತುಬಿಟ್ಟರೆ, ನೀರಿನಲ್ಲಿ ನಿಧಾನವಾಗಿ ಎಳೆಯುವಾಗ ಅದು ತಿರುಗದೆ ಸುಮ್ಮನೆ ಜೋಲುತ್ತದೆ. ತಿರುಗದ ಬ್ಲೇಡಿನ ಸ್ಪಿನ್ನರ್‌ಬೇಟ್‌ನಿಂದ ಮೀನಿಗೂ ಪ್ರಯೋಜನವಿಲ್ಲ, ನಿಮಗೂ ಇಲ್ಲ. ಪ್ಲಾಸ್ಟಿಕ್ ಹೊದಿಕೆಯೊಳಗಿದ್ದರೆ ಪೊಟ್ಟಣವನ್ನು ಮೆಲ್ಲಗೆ ಓರೆ ಮಾಡಿ ಬ್ಲೇಡು ತಡೆಯಿಲ್ಲದೆ ಹೊರಳುತ್ತದೆಯೇ ಎಂದು ನೋಡುವುದಷ್ಟೇ ಸಾಧ್ಯ. ಟ್ಯಾಂಡಮ್‌ನಲ್ಲಿ ಮುಂದಿನ ಚಿಕ್ಕ ಬ್ಲೇಡು ಸ್ವಿವೆಲ್‌ನಲ್ಲಿರದೆ, ಇಂಗ್ಲಿಷಿನ ಯು ಅಕ್ಷರದ ಆಕಾರದ ಕೊಂಡಿಯಲ್ಲಿ ತಂತಿಯ ಸುತ್ತ ತಿರುಗುತ್ತದೆ. ಆ ಕೊಂಡಿಗೂ ಪಕ್ಕದ ಮಣಿಗಳಿಗೂ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಇರಬೇಕು.

ಆಮೇಲೆ ಕೊಕ್ಕೆ. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಭಾರ ಹಾಕದೆ ಇಟ್ಟು ಓರೆಯಾಗಿ ಎಳೆದರೆ, ಹರಿತವಾದ ಮೊನೆ ಉಗುರಿಗೆ ಕಚ್ಚಿ ನಿಲ್ಲುತ್ತದೆ, ಮೊಂಡಾದದ್ದು ಜಾರುತ್ತದೆ. ಅಗ್ಗದ ಮಾಲಿನಲ್ಲಿ ಮೊನೆಯ ಮೇಲೆಯೇ ಬಣ್ಣ ಅಂಟಿರುವುದೂ ಉಂಟು. ಮೊಂಡು ಕೊಕ್ಕೆಯನ್ನು ಅರದಿಂದ ಹರಿತ ಮಾಡಬಹುದಾದ್ದರಿಂದ ಇದು ತಿರಸ್ಕರಿಸಲೇಬೇಕಾದ ದೋಷವಲ್ಲ. ಆದರೆ ಬೆರಳಿನಿಂದ ಒತ್ತಿದರೆ ಬಿಚ್ಚಿಕೊಳ್ಳುವಷ್ಟು ತೆಳುವಾದ ಕೊಕ್ಕೆಗೆ ಯಾವ ಮದ್ದೂ ಇಲ್ಲ.

ತಂತಿಯನ್ನು ಮುಂದಿನಿಂದ, ಅಂದರೆ ದಾರ ಕಟ್ಟುವ ಬಾಗಿನ ಕಡೆಯಿಂದ, ಒಂದು ಕಣ್ಣು ಮುಚ್ಚಿ ನೋಡಿ. ಮೇಲಿನ ತೋಳು, ಕೆಳಗಿನ ತೋಳು ಮತ್ತು ಕೊಕ್ಕೆ ಒಂದೇ ಗೆರೆಯಲ್ಲಿರಬೇಕು. ತಂತಿ ತೆಳುವಾಗಿದ್ದಷ್ಟೂ ಕಂಪನ ಹೆಚ್ಚು, ಬಾಳಿಕೆ ಕಡಿಮೆ. ಹೊಸಬರಿಗೆ ನಡುದಪ್ಪವೇ ಸರಿ. ಮೇಲಿನ ತೋಳಿನ ಉದ್ದವನ್ನು ಬಹಳ ಜನ ಗಮನಿಸುವುದಿಲ್ಲ. ತೋಳು ಗಿಡ್ಡವಾಗಿದ್ದು ಕೊಕ್ಕೆಯ ಮೊನೆಗಿಂತ ಬಹಳ ಮುಂಚೆಯೇ ಮುಗಿದುಹೋದರೆ ಮೊನೆಗೆ ಕಾವಲು ಕಡಿಮೆಯಾಗುತ್ತದೆ. ತೋಳಿನ ತುದಿ ಹೆಚ್ಚುಕಡಿಮೆ ಕೊಕ್ಕೆಯ ಮೊನೆಯ ನೇರಕ್ಕೆ ಬರುವಂಥದ್ದನ್ನು ದಡದವರು ಆರಿಸಬೇಕು. ಸೀಸದ ತಲೆ ಗುಂಡಗಿರುವುದಕ್ಕಿಂತ ಮೂತಿ ಚೂಪಾಗಿದ್ದರೆ ಜೊಂಡಿನ ನಡುವೆ ಸರಾಗವಾಗಿ ಬರುತ್ತದೆ.

ಕುಚ್ಚಿನ ಬಗ್ಗೆ ಚಿಂತೆ ಬೇಡ. ಅಗ್ಗದ ಸ್ಪಿನ್ನರ್‌ಬೇಟ್‌ನಲ್ಲಿ ಬೇಗ ಹಾಳಾಗುವುದು ಅದೇ, ಆದರೆ ಬದಲಿ ಕುಚ್ಚುಗಳು ಬಿಡಿಯಾಗಿ ಸಿಗುತ್ತವೆ ಮತ್ತು ರಬ್ಬರಿನ ಬಳೆಯನ್ನು ಹಿಗ್ಗಿಸಿ ತೊಡಿಸಲು ಒಂದು ನಿಮಿಷ ಸಾಕು.

ಆರನೆಯದಾಗಿ, ಎಷ್ಟು ಕೊಳ್ಳಬೇಕು

ಮೂರು. 3/8 ಔನ್ಸಿನ ಬಿಳಿ ಮತ್ತು ಶಾರ್ಟ್ರೂಸ್ ಟ್ಯಾಂಡಮ್ ಒಂದು, ಅದೇ ಮಾದರಿಯದೇ ಇನ್ನೊಂದು, ಮತ್ತು 1/4 ಔನ್ಸಿನ ಒಂಟಿ ಕೊಲರಾಡೊ ಬ್ಲೇಡಿನದು ಒಂದು. ಒಂದೇ ಮಾದರಿಯನ್ನು ಎರಡು ಕೊಳ್ಳುವುದು ವಿಚಿತ್ರವಾಗಿ ಕಾಣಬಹುದು. ಮೀನು ಬೀಳುತ್ತಿರುವ ಹೊತ್ತಿನಲ್ಲಿ ಅದು ಕೊಂಬೆಗೆ ಸಿಕ್ಕಿ ಕಳೆದುಹೋದಾಗ ಕಾರಣ ತಿಳಿಯುತ್ತದೆ. ಇಷ್ಟಕ್ಕೆ ಹೆಚ್ಚೆಂದರೆ ಇಪ್ಪತ್ತು ಡಾಲರಿನ ಆಸುಪಾಸು ಆಗುತ್ತದೆ. ಉಳಿದ ಹಣದಲ್ಲಿ ಉದ್ದ ಮೂತಿಯ ಇಕ್ಕಳ, ಚಿಕ್ಕ ಅರ ಮತ್ತು ಒಂದು ಪೊಟ್ಟಣ ಬಾಲ್ ಬೇರಿಂಗ್ ಸ್ವಿವೆಲ್ ಕೊಳ್ಳಿ.

ಏಳನೆಯದಾಗಿ, ಮನೆಯಲ್ಲಿ ತಿದ್ದುವುದು

ಊದಿದರೆ ಸುತ್ತದ ಬ್ಲೇಡು ಮನೆಗೆ ಬಂದುಬಿಟ್ಟಿದ್ದರೆ, ಮೇಲಿನ ತೋಳಿನ ತುದಿಯ ಚಿಕ್ಕ ಸುರುಳಿಯನ್ನು ಇಕ್ಕಳದಿಂದ ಬಿಡಿಸಿ, ಹಳೆಯ ಸ್ವಿವೆಲ್ ತೆಗೆದು ಬಾಲ್ ಬೇರಿಂಗಿನದನ್ನು ಹಾಕಿ ಮತ್ತೆ ಮುಚ್ಚಿ. ಸುರುಳಿಯನ್ನು ಒಂದೇ ಸಲ ಬಿಡಿಸಿ ಒಂದೇ ಸಲ ಮುಚ್ಚಬೇಕು. ಉಕ್ಕಿನ ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಅಲ್ಲಿಯೇ ಮುರಿಯುತ್ತದೆ. ಕೊಕ್ಕೆಯ ಮೊನೆಯನ್ನು ಅರದಿಂದ ಮೊನೆಯ ದಿಕ್ಕಿನಲ್ಲಿಯೇ ಮೂರು ನಾಲ್ಕು ಸಲ ಉಜ್ಜಿ. ಕುಚ್ಚಿನ ಎಳೆಗಳು ಕೊಕ್ಕೆಯ ಹಿಂಭಾಗವನ್ನು ದಾಟಿ ಬಹಳ ಉದ್ದ ಜೋಲುತ್ತಿದ್ದರೆ, ಕೊಕ್ಕೆಯ ಬಾಗಿನಿಂದ ಬೆರಳಗಲ ಬಿಟ್ಟು ಕತ್ತರಿಸಿ. ಮೀನು ಅನೇಕ ಸಲ ಕುಚ್ಚಿನ ಬಾಲವನ್ನಷ್ಟೇ ಕಚ್ಚಿ ಬಿಡುತ್ತದೆ. ಬಾಲದ ತುದಿ ಕೊಕ್ಕೆಗೆ ಹತ್ತಿರವಿದ್ದರೆ ಆ ಕಚ್ಚಿನಲ್ಲಿ ಕೊಕ್ಕೆಯೂ ಬಾಯಿಗೆ ಹೋಗುತ್ತದೆ. ಹಿಂದೆ ಇನ್ನೊಂದು ಕೊಕ್ಕೆ ಜೋಡಿಸುವ ಪದ್ಧತಿಯೂ ಇದೆಯಾದರೂ ದಡದಿಂದ ಹಿಡಿಯುವ ಹೊಸಬರು ಅದರಿಂದ ದೂರವಿರುವುದೇ ಮೇಲು, ಆ ಎರಡನೆಯ ಕೊಕ್ಕೆಗೆ ತಂತಿಯ ಕಾವಲಿಲ್ಲ.

ಸೀಸದ ತಲೆಯನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು, ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಎಂಟನೆಯದಾಗಿ, ಕಟ್ಟುವುದು ಮತ್ತು ಎಸೆಯುವುದು

ಸ್ಪಿನ್ನಿಂಗ್ ರೀಲ್ (ರಾಡ್‌ನ ಕೆಳಗೆ ತೂಗುವ ಬಗೆಯ ರೀಲ್) ಇರುವ ಆರೂವರೆ ಅಡಿಯಿಂದ ಏಳು ಅಡಿಯ ಮಧ್ಯಮ ಗಡಸಿನ ರಾಡ್‌ಗೆ ಹನ್ನೆರಡು ಪೌಂಡ್ ಭಾರ ತಾಳುವ ಸಾದಾ ನೈಲಾನ್ ದಾರ ಸಾಕು. ದಾರವನ್ನು ತಂತಿಯ ಬಾಗಿಗೆ ನೇರವಾಗಿ ಪಾಲೊಮಾರ್ ಎಂಬ, ದಾರವನ್ನು ಎರಡಾಗಿ ಮಡಿಸಿ ಹಾಕುವ ಗಂಟಿನಿಂದ ಕಟ್ಟಿ. ಎರೆಯನ್ನು ಬೇಗ ಬದಲಾಯಿಸಬಹುದೆಂದು ನಡುವೆ ಸ್ನ್ಯಾಪ್ ಕೊಂಡಿ ಹಾಕುವುದು ಹೊಸಬರ ರೂಢಿ. ಆದರೆ ಹೆಚ್ಚಿನ ಸ್ಪಿನ್ನರ್‌ಬೇಟ್‌ಗಳಲ್ಲಿ ಆ ಬಾಗು ಪೂರ್ತಿ ಮುಚ್ಚಿದ ಬಳೆಯಲ್ಲ, ತೆರೆದ ಬಾಗು. ಕೊಂಡಿ ಅಲ್ಲಿಂದ ಜಾರಿ ತೋಳಿನ ಮೇಲೆ ಹರಿದಾಡುತ್ತದೆ, ಆಗ ಎರೆ ಅಡ್ಡಡ್ಡ ಬರುತ್ತದೆ. ಗಂಟನ್ನು ಎಂಜಲಿನಿಂದಲೋ ಕೆರೆಯ ನೀರಿನಿಂದಲೋ ಒದ್ದೆ ಮಾಡಿ ಬಿಗಿದರೆ ದಾರ ಬಿಸಿಯಾಗಿ ದುರ್ಬಲವಾಗುವುದಿಲ್ಲ.

ಮೊದಲ ಎಸೆತಕ್ಕೆ ಮುನ್ನ ಎರೆಯನ್ನು ಕಾಲ ಬಳಿಯ ತಿಳಿನೀರಿನಲ್ಲಿ ಎರಡು ಅಡಿ ಎಳೆದು ನೋಡಿ. ಬ್ಲೇಡು ನೇರ ಮೇಲೆ, ಕೊಕ್ಕೆ ನೇರ ಕೆಳಗೆ ಇದ್ದು ಸಾಗಿದರೆ ಸರಿ. ಒಂದು ಪಕ್ಕಕ್ಕೆ ವಾಲಿದರೆ ಮೇಲಿನ ತೋಳನ್ನು ಕೂದಲೆಳೆಯಷ್ಟು ವಿರುದ್ಧ ದಿಕ್ಕಿಗೆ ಬಾಗಿಸಿ ಮತ್ತೆ ನೋಡಿ. ಪ್ರತಿ ಮೀನಿನ ನಂತರವೂ, ಪ್ರತಿ ಸಲ ಸಿಕ್ಕಿ ಬಿಡಿಸಿಕೊಂಡ ನಂತರವೂ ಈ ಪರೀಕ್ಷೆ ಅಗತ್ಯ. ಅಗ್ಗದ ತಂತಿ ಬಾಗುತ್ತದೆ, ತಿದ್ದಿದರೆ ಮತ್ತೆ ಸರಿಯಾಗುತ್ತದೆ.

ನೀರಿನ ಅಂಚಿಗೆ ನೇರವಾಗಿ ನಡೆದುಹೋಗಬೇಡಿ. ಬೆಳಗಿನ ಹೊತ್ತು ಬಾಸ್ ದಡದಿಂದ ಒಂದೆರಡು ಗಜದೊಳಗೇ ನಿಂತಿರುತ್ತದೆ, ಹೆಜ್ಜೆಯ ಸದ್ದಿಗೆ ಸರಿದುಹೋಗುತ್ತದೆ. ನಾಲ್ಕು ಹೆಜ್ಜೆ ಹಿಂದೆಯೇ ನಿಂತು ಮೊದಲ ಎಸೆತವನ್ನು ದಡಕ್ಕೆ ಸಮಾನಾಂತರವಾಗಿ, ಜೊಂಡಿನ ಹೊರ ಅಂಚಿನ ಉದ್ದಕ್ಕೂ ಎಸೆಯಿರಿ. ಕೆರೆಯ ನಡುವಿಗೆ ಎಸೆದ ಎರೆ ಮೀನಿರುವ ಜಾಗದಲ್ಲಿ ಕೊನೆಯ ಕೆಲವು ಅಡಿ ಮಾತ್ರ ಸಾಗುತ್ತದೆ. ದಡದುದ್ದ ಎಸೆದದ್ದು ಆರಂಭದಿಂದ ಕೊನೆಯವರೆಗೂ ಅಲ್ಲಿಯೇ ಇರುತ್ತದೆ. ಎರೆ ನೀರಿಗೆ ಬೀಳುವ ಹೊತ್ತಿಗೆ ರೀಲ್ ಸುತ್ತಲು ಆರಂಭಿಸಿ, ನೀರಿನ ಮೇಲ್ಮೈಯಿಂದ ಒಂದೆರಡು ಅಡಿ ಕೆಳಗೆ ಬ್ಲೇಡಿನ ಮಿನುಗು ಆಗಾಗ ಕಾಣುವಷ್ಟು ವೇಗದಲ್ಲಿ ಎಳೆಯಿರಿ. ರಾಡ್‌ನ ಹಿಡಿಕೆಯಲ್ಲಿ ಸಣ್ಣಗೆ ಗುಂಯ್ಗುಡುವ ಕಂಪನ ಕೈಗೆ ತಿಳಿಯುತ್ತಿರಬೇಕು. ಅದು ಏಕಾಏಕಿ ನಿಂತರೆ ಪಾಚಿ ಹಿಡಿದಿದೆ, ಇಲ್ಲವೇ ಮೀನು ಹಿಂದಿನಿಂದ ನುಂಗಿ ನಿಮ್ಮ ಕಡೆಗೇ ಬರುತ್ತಿದೆ. ಎರಡರಲ್ಲಿ ಯಾವುದಾದರೂ ರಾಡನ್ನು ಪಕ್ಕಕ್ಕೆ ಬೀಸಿ ಎಳೆಯುವುದೇ ಉತ್ತರ. ಮುಳುಗಿದ ಮರ ಕಂಡರೆ ಅದನ್ನು ತಪ್ಪಿಸದೆ ಎರೆಯನ್ನು ಅದಕ್ಕೆ ತಾಗಿಸಿ, ತಾಗಿದ ಕ್ಷಣ ರೀಲನ್ನು ಅರೆಗಳಿಗೆ ನಿಲ್ಲಿಸಿ ಮತ್ತೆ ಸುತ್ತಿ. ಬಾಸ್ ಎರಗುವುದು ಬಹುಪಾಲು ಆ ತಡೆಯಲ್ಲಿಯೇ.

ಗಾಳಿ ಬಡಿಯುವ ದಡದಲ್ಲಿ ನಿಂತು ಎಸೆಯುವುದು ಕಷ್ಟವೆಂದು ಜನ ಎದುರು ದಡಕ್ಕೆ ಹೋಗುತ್ತಾರೆ. ಗಾಳಿ ನೀರಿನ ಮೇಲ್ಮೈಯನ್ನು ಒಡೆದು ಎರೆಯ ನಕಲಿತನವನ್ನು ಮರೆಮಾಡುವುದರಿಂದಲೂ, ಸಣ್ಣ ಮೀನುಗಳು ಆ ದಡಕ್ಕೆ ಸೇರುವುದರಿಂದಲೂ ಸ್ಪಿನ್ನರ್‌ಬೇಟ್‌ಗೆ ಅದೇ ಒಳ್ಳೆಯ ಜಾಗ. ಋತುಗಳಲ್ಲಿ ವಸಂತ ಮತ್ತು ಶರತ್ಕಾಲ ಇದಕ್ಕೆ ಹೇಳಿ ಮಾಡಿಸಿದವು. ಟೆಕ್ಸಸ್‌ನ ಬೇಸಿಗೆಯಲ್ಲಿ ಸೂರ್ಯೋದಯದ ಮೊದಲ ಎರಡು ಗಂಟೆಯನ್ನು ಬಿಟ್ಟರೆ ದಡದಲ್ಲಿ ನಿಲ್ಲುವುದು ಮೀನಿಗೂ ಮನುಷ್ಯರಿಗೂ ಹಿತವಲ್ಲ.

ಎರೆ ಸಿಕ್ಕಿಕೊಂಡರೆ ರಾಡನ್ನು ಬಿಲ್ಲಿನಂತೆ ಬಗ್ಗಿಸಿ ಎಳೆಯಬಾರದು, ಹಾಗೆ ಎಳೆದಷ್ಟೂ ಕೊಕ್ಕೆ ಆಳಕ್ಕೆ ಇಳಿಯುತ್ತದೆ. ದಾರವನ್ನು ಸಡಿಲ ಬಿಟ್ಟು, ದಡದುದ್ದಕ್ಕೂ ನಡೆದು ಕೋನ ಬದಲಾಯಿಸಿ, ಎಸೆದ ದಿಕ್ಕಿಗೆ ಎದುರಿನಿಂದ ಪುಟ್ಟ ಪುಟ್ಟ ಜಗ್ಗುಗಳನ್ನು ಕೊಡಿ. ಬರದಿದ್ದರೆ ಕೈಗೆ ಬಟ್ಟೆ ಸುತ್ತಿ ದಾರವನ್ನೇ ಹಿಡಿದು ಎಳೆಯಿರಿ, ಮುಖವನ್ನು ಬೇರೆ ಕಡೆಗೆ ತಿರುಗಿಸಿ. ಬಿಟ್ಟುಬಂದ ಸೀಸದ ತುಂಡು ಗುಂಡಿನಂತೆ ಹಾರಿಬರುತ್ತದೆ.

ಮೀನು ಬಿದ್ದ ಮೇಲೆ

ಬಾಸ್‌ನ ಕೆಳದವಡೆಯನ್ನು ಒದ್ದೆ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಬಹುದು, ಅದರ ಹಲ್ಲು ಅರದಂತೆ ಒರಟೇ ಹೊರತು ಕಚ್ಚಿ ಗಾಯ ಮಾಡುವಂಥವಲ್ಲ. ದೊಡ್ಡ ಮೀನಾದರೆ ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಡಬೇಕು, ದವಡೆಯಿಂದಷ್ಟೇ ಅಡ್ಡಕ್ಕೆ ಎತ್ತಿದರೆ ಅದರ ಭಾರಕ್ಕೆ ದವಡೆಯೇ ಘಾಸಿಗೊಳ್ಳುತ್ತದೆ. ಒಂಟಿ ಕೊಕ್ಕೆಯಾದ್ದರಿಂದ ಇಕ್ಕಳದ ಒಂದು ತಿರುವಿಗೆ ಬಿಡಿಸಿಕೊಳ್ಳುತ್ತದೆ. ಟೆಕ್ಸಸ್‌ನಲ್ಲಿ ಸಾಮಾನ್ಯ ನಿಯಮದ ಪ್ರಕಾರ 14 ಅಂಗುಲಕ್ಕಿಂತ ಚಿಕ್ಕ ಲಾರ್ಜ್‌ಮೌತ್ ಬಾಸನ್ನು ಇಟ್ಟುಕೊಳ್ಳುವಂತಿಲ್ಲ, ದಿನಕ್ಕೆ ಐದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಕೆಲವು ಕೆರೆಗಳಿಗೆ ಪ್ರತ್ಯೇಕ ನಿಯಮಗಳಿವೆ. ತಿನ್ನುವ ಉದ್ದೇಶವಿರುವವರು ಆ ಕೆರೆಯ ಮೀನಿನ ಬಗ್ಗೆ ರಾಜ್ಯದ ಆರೋಗ್ಯ ಇಲಾಖೆಯ ಸೂಚನೆಯಿದೆಯೇ ಎಂದು ನೋಡಬೇಕು. ಬೇರೆ ಮೀನುಗಳನ್ನು ತಿಂದು ಬೆಳೆಯುವ ಬಾಸ್‌ನಲ್ಲಿ ಪಾದರಸ ಸಂಗ್ರಹವಾಗುತ್ತದೆ, ಪೂರ್ವ ಟೆಕ್ಸಸ್‌ನ ಕ್ಯಾಡೊ ಲೇಕ್‌ನಂಥ ಕಡೆ ಈ ಕಾರಣಕ್ಕೇ ಎಚ್ಚರಿಕೆ ಹೊರಡಿಸಲಾಗಿದೆ. ಹಿಡಿದದ್ದನ್ನು ಅಲ್ಲಿಯೇ ಬಿಟ್ಟುಬರುವುದು ಬಾಸ್ ಹಿಡಿಯುವವರಲ್ಲಿ ಹೆಚ್ಚಿನವರ ಪದ್ಧತಿ.

ಮನೆಗೆ ಬಂದ ಮೇಲೆ ಸ್ಪಿನ್ನರ್‌ಬೇಟನ್ನು ಒದ್ದೆಯಾಗಿಯೇ ಡಬ್ಬಿಯಲ್ಲಿಟ್ಟು ಮುಚ್ಚಿದರೆ ಮುಂದಿನ ವಾರಕ್ಕೆ ಕೊಕ್ಕೆಗೂ ಸ್ವಿವೆಲ್‌ಗೂ ತುಕ್ಕು ಹಿಡಿದಿರುತ್ತದೆ, ಊದಿದರೆ ಸುತ್ತುತ್ತಿದ್ದ ಬ್ಲೇಡು ಸುತ್ತುವುದಿಲ್ಲ. ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಗಾಳಿಗೆ ನೇತು ಹಾಕಿ, ಆಮೇಲೆ ಒಳಗಿಡಿ. ಮೃದು ಪ್ಲಾಸ್ಟಿಕ್ಕಿನ ಹುಳುಗಳಿರುವ ಡಬ್ಬಿಯಲ್ಲಿ ಇದನ್ನು ಇಡಬಾರದು. ಆ ಪ್ಲಾಸ್ಟಿಕ್ಕಿನ ಎಣ್ಣೆ ಸೀಸದ ತಲೆಯ ಬಣ್ಣವನ್ನೂ ಕುಚ್ಚಿನ ಎಳೆಗಳನ್ನೂ ಅಂಟಂಟು ಮಾಡುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡುವವರಿಗೆ ಹೊಸ ಕುಚ್ಚು ಕೊಳ್ಳುವ ಸಂದರ್ಭ ಬೇಗನೆ ಒದಗುತ್ತದೆ.